ಪಟ್ಟಿ ಅಂಟಿಸಿದ ಬಾಟಲಿಗಳು

ನನ್ನ ಅಕ್ಷರ ದುಂಡಗಿಲ್ಲ, ಮಾತಿಗೆ ಅಂದವೂ ಇಲ್ಲ. ಮೂರನೆಯ ತರಗತಿ ಮುಗಿಯುವ ಮೊದಲೇ ಸ್ಲೇಟನ್ನು ತಮ್ಮನಿಗೆ ಒಪ್ಪಿಸಿ ಅಡಿಗೆಮನೆ ಸೇರಿದವಳು ನಾನು. ಹೀಗೆ ಕಾಗದದ ಮುಂದೆ ಕುಳಿತಿರುವುದು ಇದೇ ಮೊದಲು. ಸಾಲು ಡೊಂಕಾದದ್ದು ಓದುವವರಿಗೆ ಕಂಡೀತು. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಔಷಧಿಯು ವೈದ್ಯರ ಕೈಯಿಂದ ಹೊರಟು ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಏನಾದರೊಂದು ಆಗಿಯೇ ತೀರುತ್ತದೆ.

ಚಿಕ್ಕಬಾಣಾವರದ ರೈಲು ನಿಲ್ದಾಣದ ಹಿಂದಿದ್ದ ಪುಟ್ಟ ಔಷಧಾಲಯದಲ್ಲಿ ನಾನು ಆಯಾ ಆಗಿದ್ದೆ. ಹೊಗೆಬಂಡಿ ಹೋದಾಗಲೆಲ್ಲ ಕಿಟಕಿಯ ಮಸಿ ಒರೆಸುವುದು, ಕೂಸುಗಳನ್ನು ಎತ್ತಿ ಹಿಡಿಯುವುದು ನನ್ನ ಕೆಲಸ. ಆಗೆಲ್ಲ ಬಾಟಲಿಯನ್ನು ರೋಗಿಗಳೇ ಮನೆಯಿಂದ ತರಬೇಕಿತ್ತು. ಡಾಕ್ಟರಮ್ಮ ಅದಕ್ಕೆ ಮಿಕ್ಸ್ಚರ್ ಎಂಬ ನೀರೌಷಧಿ ತುಂಬಿಸಿ, ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಬಾಟಲಿಯ ಮೈಮೇಲೆ ಅಂಟಿಸಿಕೊಡುತ್ತಿದ್ದರು. ಒಂದು ಹೊತ್ತಿಗೆ ಒಂದು ಹಲ್ಲು ಇಳಿಯುವಷ್ಟು ಕುಡಿಯಬೇಕು. ಅಷ್ಟೇ ಲೆಕ್ಕ. ಆದರೆ ಅಷ್ಟಕ್ಕೇ ಯಾರು ನಿಲ್ಲುತ್ತಾರೆ?

ಇಳಿಯದ ಬಾಟಲಿ

ಅಬ್ಬಿಗೆರೆಯ ಹಾಲು ಮಾರುವವರೊಬ್ಬರು ಕೆಮ್ಮಿಗೆ ಔಷಧಿ ಒಯ್ದಿದ್ದರು. ವಾರ ಕಳೆದು ಹೆಂಡತಿಯೊಡನೆ ಬಂದಾಗ ಬಾಟಲಿ ಕುತ್ತಿಗೆಯವರೆಗೂ ತುಂಬಿತ್ತು. ಕೆಂಪು ಬಣ್ಣ ಮಾತ್ರ ಒಗೆದ ಸೀರೆಯಂತೆ ಮಾಸಿತ್ತು.

"ಕುಡಿದೇ ಇಲ್ವೇನ್ರೀ?" ಎಂದರು ಡಾಕ್ಟರಮ್ಮ.

"ಮೂರೊತ್ತೂ ಕುಡ್ದಿವ್ನಿ ಕಣವ್ವ."

"ಹಾಗಾದ್ರೆ ಕಮ್ಮಿ ಆಗ್ಬೇಕಿತ್ತಲ್ಲ?"

"ಕಮ್ಮಿ ಆಗಾಕ್ ಬುಟ್ಟೀನಾ? ಒಂದಲ್ಲು ಇಳೀತಿದ್ದಂಗೇ ಬಾವಿ ನೀರು ಉಯ್ದು ಸಮ ಮಾಡ್ತಿದ್ದೆ."

ಹಿಂದೆ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಬೈಬೇಡಿ ಕಣವ್ವ, ಅವರ್ ಕೈಗೆ ಅದೇ ರೂಢಿ" ಎಂದರು.

ಡಾಕ್ಟರಮ್ಮ ನನ್ನ ಮುಖ ನೋಡಿದರು. ಔಷಧಾಲಯಕ್ಕೆ ದಿನವೂ ಹಾಲು ಹಾಕುತ್ತಿದ್ದವರು ಈ ಗಂಡನೇ. ಮಾರನೆಯ ದಿನದಿಂದ ನಮ್ಮ ಕಾಫಿಗೆ ಬೇರೆಯವರ ಹಾಲು ಬರತೊಡಗಿತು.

ಸರಿಪಾಲು

ತುಂಬು ಸಂಸಾರದ ಅತ್ತೆಯೊಬ್ಬರು ಹಿರಿಯ ಸೊಸೆಯ ಜ್ವರಕ್ಕೆ ಔಷಧಿ ಕೊಂಡೊಯ್ದರು. ಜ್ವರ ಜಗ್ಗಲಿಲ್ಲ. ಸೊಸೆಯನ್ನೇ ಕರೆತಂದರು. ಡಾಕ್ಟರಮ್ಮ ಎಷ್ಟು ಹಲ್ಲು ಕುಡಿಸಿದಿರೆಂದು ಕೇಳಿದಾಗ ಅತ್ತೆ ಎದೆಯುಬ್ಬಿಸಿ ನುಡಿದರು:

"ಒಬ್ಬಳಿಗ್ ಕೊಟ್ಟು ಮಿಕ್ಕೋರ್ಗೆ ಬುಟ್ರೆ ಮನೆ ಒಡ್ದೋಯ್ತದೆ ತಾಯಿ. ಎಲ್ಲಾರ್ನೂ ಸಾಲಾಗ್ ಕೂರ್ಸಿ ಸಮ್ಸಮ ಆಕ್ಸಿವ್ನಿ. ಬೇಕಾರ್ ಇವಳ್ನೇ ಕೇಳಿ!"

ಡಾಕ್ಟರಮ್ಮ ಸೊಸೆಯತ್ತ ತಿರುಗಿ, "ನಿನಗೆಷ್ಟಮ್ಮ ಬಂತು?" ಎಂದರು.

ಆಕೆ ನೆಲ ನೋಡುತ್ತ, "ಬಡ್ಸೋಳು ನಾನೇ ಅಲ್ವರಾ, ಕೊನೇಗ್ ಉಳೀನಿಲ್ಲ" ಎಂದರು.

ಎಮ್ಮೆಯದೋ, ಕೂಸಿನದೋ

ದೊಡ್ಡವರ ವಿಷಯದಲ್ಲಿ ನಗಬಹುದು. ಕೂಸಿನ ವಿಷಯದಲ್ಲಿ ಹಾಗಲ್ಲ. ಆ ಬೆಳಗ್ಗೆ ಅಜ್ಜಿಯೊಬ್ಬರು ಹಾಲುಗಲ್ಲದ ಮೊಮ್ಮಗನನ್ನು ಎದೆಗವಚಿಕೊಂಡು ಓಡಿಬಂದಾಗ ನಾನು ಒರೆಸುವ ಬಟ್ಟೆ ಬಿಸಾಡಿ ಬಾಗಿಲಿಗೆ ಓಡಿದೆ. ಹಿಂದೆಯೇ ಸೊಸೆ, ಆಕೆಯ ಕೈಯಲ್ಲಿ ಎರಡು ಬಾಟಲಿ.

"ಎಮ್ಮೆ ಔಸ್ದಿ ಮಗೀಗೋಗ್ಬುಟ್ಟದೆ ಕಣವ್ವೋ!" ಎಂದು ಅಜ್ಜಿ ಕೂಗಿದರು.

ನಡೆದದ್ದು ಇಷ್ಟು. ಹಿಂದಿನ ದಿನ ಕೂಸಿನ ಕೆಮ್ಮಿಗೆ ನಮ್ಮಲ್ಲಿಂದಲೂ, ಎಮ್ಮೆಯ ಹೊಟ್ಟೆಯುಬ್ಬರಕ್ಕೆ ಹೆಬ್ಬಾಳದ ದನದ ಡಾಕ್ಟರಿಂದಲೂ ಔಷಧಿ ತಂದಿದ್ದರು. ಎರಡಕ್ಕೂ ಮನೆಯವೇ ಬಾಟಲಿಗಳು, ಎರಡರ ಮೇಲೂ ಹಲ್ಲಿನ ಪಟ್ಟಿ. ಅಜ್ಜನ ಸಂಜೆಯ ಅಭ್ಯಾಸದ ದಯೆಯಿಂದ ಒಂದೇ ಅಚ್ಚಿನ ಬಾಟಲಿಗಳಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಇಟ್ಟದ್ದೂ ಒಂದೇ ಗೂಡಿನಲ್ಲಿ. ಈಗ ಮೂಸಿ ನೋಡಿದರೆ ಎಮ್ಮೆಯ ಬಾಟಲಿ ಅರ್ಧ ಖಾಲಿ, ಕೂಸಿನದು ತುಂಬಿದಂತೆಯೇ ಇದೆ, ಎಮ್ಮೆ ಮಾತ್ರ ಉಬ್ಬಿಕೊಂಡೇ ನಿಂತಿದೆ.

ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಬಂದರು. ಕೂಸನ್ನು ನನ್ನ ಮಡಿಲಿಗೆ ಹಾಕಿ ಕಣ್ಣು, ನಾಲಿಗೆ, ಎದೆ, ಎಲ್ಲ ನೋಡಿದರು. ಕೂಸು ಅವರ ಎದೆಬಡಿತ ಕೇಳುವ ಕೊಳವೆಯನ್ನು ಹಿಡಿದೆಳೆದು ಕಿಲಕಿಲ ನಕ್ಕಿತು.

"ಕುಡಿಸಿದ್ದು ಯಾರು?"

"ಅತ್ತೆ," ಎಂದರು ಸೊಸೆ.

"ನಾನೆಲ್ಲೇ ಕುಡ್ಸ್ದೆ? ನೀನ್ ಕುಡ್ಸ್ದೆ ಅಂದ್ಕಂಡೆ!"

"ಅಯ್ಯೋ, ನಾನ್ ಮುಟ್ಟೇ ಇಲ್ಲ!"

"ಇಬ್ಬರೂ ಅಲ್ಲ ಅಂದ್ರೆ ಅರ್ಧ ಬಾಟಲಿ ಹೋಗಿದ್ದೆಲ್ಲಿಗೆ?" ಎಂದು ಡಾಕ್ಟರಮ್ಮ ಗದರಿದರು.

ಅಜ್ಜಿ ಥಟ್ಟನೆ ಹಣೆ ಬಡಿದುಕೊಂಡರು. ಕೂಸಿನ ಬಾಯಿಗೆ ಹೋಗುವುದನ್ನು ಮೊದಲು ಹಿರಿಯರು ರುಚಿ ನೋಡಬೇಕೆಂಬುದು ಅವರ ಮನೆಯ ಪದ್ಧತಿಯಂತೆ. "ರುಚಿ ನೋಡಿ ಅಂತ ಯಜಮಾನ್ರಿಗೆ ಏಳಿದ್ದೆ!"

"ಎಲ್ಲಿದ್ದಾರೆ ಅವರು?"

ಉತ್ತರ ಬೇಕಾಗಲಿಲ್ಲ. ಬೇಲಿಯಾಚೆ ಅಜ್ಜ ಚೊಂಬು ಹಿಡಿದು ನಮ್ಮ ಕಡೆಗೇ ಓಡಿಬರುತ್ತಿದ್ದರು. ಬಾಗಿಲವರೆಗೆ ಬಂದವರು ಗಕ್ಕನೆ ನಿಂತರು, ಏನನ್ನೋ ಯೋಚಿಸಿದರು, ಬಂದದ್ದಕ್ಕಿಂತ ಜೋರಾಗಿ ಲಂಟಾನದ ಪೊದೆಯತ್ತ ಓಡಿದರು. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ನಾಚಿಕೆಯಾಗುತ್ತದೆ.

ಡಾಕ್ಟರಮ್ಮ ಕುರ್ಚಿಗೆ ಕುಸಿದು ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಕೂಸಿನ ಔಷಧಿಯನ್ನು ತಾವೇ ಕುಡಿಸಿ, ಆ ಬಾಟಲಿಗೆ ಕರಿದಾರ ಕಟ್ಟಿ, "ಇದು ಮನೆಯೊಳಗೆ, ಎಮ್ಮೆಯದು ಕೊಟ್ಟಿಗೆಯಲ್ಲಿ. ರುಚಿ ಯಾರೂ ನೋಡ್ಕೂಡ್ದು!" ಎಂದು ತಾಕೀತು ಮಾಡಿದರು. ಅಷ್ಟರಲ್ಲಿ ಅಜ್ಜ ಮರಳಿದರು. ಕಾಲು ತೂರಾಡುತ್ತಿದ್ದರೂ ಮುಖದಲ್ಲಿ ಹಬ್ಬದ ಕಳೆ. ಡಾಕ್ಟರಮ್ಮ ಉಪ್ಪು ಬೆರೆಸಿದ ಗಂಜಿ ಕುಡಿಸಿ, "ರುಚಿ ನೋಡೋಕೆ ಅರ್ಧ ಬಾಟಲಿ ಬೇಕಿತ್ತೇನಜ್ಜ?" ಎಂದರು.

"ಸುಂಟಿ, ಓಮ, ಬೆಲ್ಲ ಗಮ್ ಅಂತಿತ್ತು ಕಣವ್ವ. ಎಷ್ಟ್ ತಿಂಗ್ಳಾಗಿತ್ತು ಇಂಗೆ ಸಲೀಸಾಗಿ! ಮಿಕ್ಕಿದ್ದನ್ನೂ ನಂಗೇ ಕೊಟ್ಬುಡಿ."

ಅಜ್ಜಿ ಸಿಡಿದರು. "ಎಮ್ಮೆ ಗತಿ ಏನು?"

"ಅದುಕ್ ಏಳು," ಎಂದರು ಅಜ್ಜ ಮತ್ತೆ ಚೊಂಬು ಎತ್ತಿಕೊಳ್ಳುತ್ತ, "ರುಚಿ ನೋಡಾಯ್ತು, ಔಸ್ದಿ ಚೆನ್ನಾಗೈತೆ ಅಂತ!"

ಬರೆದುದರಲ್ಲಿ ಇರುವ ತಪ್ಪುಗಳನ್ನು ಓದಿದವರು ದಯವಿಟ್ಟು ಮನ್ನಿಸಬೇಕು.