ತೂಕ ಕೇಳುವ ಭಾವ

ನಮ್ಮ ಭಾವನನ್ನ ನಾಮಕರಣಕ್ಕೆ ಮಾತ್ರ ಕರೀಬೇಡಿ ಕಣ್ರೀ! ಮದುವೆಗೆ ಕರೀರಿ, ತಿಥಿಗೆ ಕರೀರಿ, ಊಟ ಮಾಡ್ಕೊಂಡು ತೆಪ್ಪಗೆ ಬರ್ತಾರೆ. ತೊಟ್ಟಿಲು ಕಂಡ್ರೆ ಮಾತ್ರ ಮುಗೀತು. ಲೋಕವೆಲ್ಲ ಮಗುವಿನ ಹೆಸರು ಕೇಳಿದ್ರೆ ಇವರು ತೂಕ ಕೇಳ್ತಾರೆ!

ಅಬ್ಬಿಗೆರೆಯಲ್ಲಿ ಹಾಗೇ ಆಯ್ತು. "ಎಷ್ಟು ಕೇಜಿ?" ಅಂದ್ರು. "ಐದು" ಅಂದ್ಲು ಬಾಣಂತಿ. "ಛೆ, ಸಾಲ್ದು! ಏಳಾದ್ರೂ ಬೇಕಿತ್ತು" ಅಂದ್ಬಿಟ್ರು. ಮಗುವಿನ ಅಜ್ಜಿ ಬಿಡ್ತಾಳಾ? "ಯಾರಪ್ಪ ಇವ್ನು, ಕೂಸ್ನ ಕುರಿ ತೂಗ್ದಂಗೆ ತೂಗ್ತಾವ್ನೆ!" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದ್ಲು. ಬಂದ ನೆಂಟರೆಲ್ಲ ಕೆಮ್ಮಿದ್ದೇ ಕೆಮ್ಮಿದ್ದು! ಭಾವನ ಕೆಲಸವೇ ಅದು ಅಂತ ಆ ಅಜ್ಜಿಗೆ ಹೇಗೆ ಹೇಳೋದು? ಹೃದಯ ಸೋತ ಮಕ್ಕಳ ಎದೆಯೊಳಗೆ ಕೂತು ರಕ್ತ ಒತ್ತೋ ಪುಟ್ಟ ಪಂಪು ಮಾಡ್ತಾರೆ ನಮ್ಮ ಭಾವ. ಸದ್ಯಕ್ಕೆ ಅದು ಏಳು ಕೇಜಿಗಿಂತ ಚಿಕ್ಕ ಮಗುವಿನ ಎದೇಲಿ ಹಿಡಿಸಲ್ಲ.

"ಇನ್ನೂ ಚಿಕ್ಕದು ಮಾಡಿ, ಅದಕ್ಕೇನಂತೆ?" ಅಂದೆ ಒಂದ್ಸಲ, ಅವರ ಮತ್ತಿಕೆರೆ ಮನೆಯಲ್ಲಿ. ನಮ್ಮಕ್ಕ ಮಿಕ್ಸಿ ಹಾಕಿದ್ಲು. "ನೋಡು, ಚಿಕ್ಕ ಪಂಪು ಜೋರಾಗಿ ತಿರುಗ್ಬೇಕು. ಜೋರಾಗಿ ತಿರುಗಿದ್ರೆ ರಕ್ತ ಇದೇ ಥರ ಚಟ್ನಿ ಆಗುತ್ತೆ!" ಅಂತ ಭಾವ ಜಾರಿನ ಕಡೆ ಬೆರಳು ತೋರಿಸಿದ್ರು. ಅಕ್ಕ ಮಿಕ್ಸಿ ಆರಿಸಿ, "ಆಯ್ತಲ್ಲ ಪಾಠ? ಇನ್ಮೇಲೆ ಚಟ್ನಿಪುಡೀನೇ ಗತಿ!" ಅಂದ್ಲು. ಅವತ್ತಿಂದ ಆ ಮನೇಲಿ ಇಡ್ಲಿಗೆ ಚಟ್ನಿಪುಡೀನೇ.

ಮೊನ್ನೆ ಜಕ್ಕೂರು ಕೆರೆ ಏರಿ ಮೇಲೆ ಇಬ್ಬರೂ ನಡೀತಿದ್ವಿ. ನೆತ್ತಿ ಮೇಲೇ ಪುಟ್ಟ ವಿಮಾನ ಹಾರಿದ್ರೂ ಭಾವ ತಲೆ ಎತ್ತಲಿಲ್ಲ. "ಏನ್ ಸಮಾಚಾರ, ಯಾವ ಕೂಸಿನ ತೂಕ ಕಮ್ಮಿ ಆಯ್ತು?" ಅಂತ ರೇಗಿಸಿದೆ.

"ಆಸ್ಪತ್ರೆ ವಾರ್ಡಲ್ಲಿ ಒಂದು ಹುಡುಗಿ ಇದಾಳೆ. ಒಂದೂವರೆ ವರ್ಷ, ಆರು ಕೇಜಿ. ಏಳಾಗ್ಲಿ ಅಂತ ಅವಳಮ್ಮ ತುಪ್ಪ ಹಾಕಿ ರಾಗಿ ಸರಿ ತಿನ್ನಿಸ್ತಾರೆ. ನಾಲ್ಕು ಚಮಚಕ್ಕೇ ಏದುಸಿರು. ಸೋತ ಹೃದಯ ಮೈ ಹತ್ತೋಕೆ ಬಿಡಲ್ಲ ಕಣಮ್ಮ. ಅವಳು ನನ್ನ ಪಂಪಿಗೆ ತಕ್ಕಷ್ಟು ಬೆಳೆಯೋಕಾಗಲ್ಲ. ನನ್ನ ಪಂಪೇ ಅವಳಿಗೆ ತಕ್ಕಷ್ಟು ಆಗ್ಬೇಕು."

"ಆಗುತ್ತಾ?"

"ಆಗುತ್ತೆ. ಅಲ್ಲೀವರೆಗೆ ಅವಳಿದ್ರೆ."

ಅಷ್ಟು ಹೇಳಿ ಏರಿ ಮೇಲೇ ಕುಕ್ಕರಿಸಿ ಅತ್ತುಬಿಟ್ರು. ನಾನೂ ಪಕ್ಕದಲ್ಲೇ ಕೂತೆ. ಆ ಮಗೂನ ನಾನು ನೋಡಿಲ್ಲ, ನಮ್ಮ ಬಳಗವೂ ಅಲ್ಲ. ಆದ್ರೂ ಅವಳು ಇರ್ಬೇಕು ಅನ್ನಿಸ್ತು.

"ಏಳಿ ಭಾವ, ಕೆಲಸಕ್ಕೆ ಹೋಗಿ" ಅಂದೆ.

ಕಣ್ಣೊರೆಸ್ಕೊಂಡು ಎದ್ದು ಹೊರಟೇಬಿಟ್ರು. ಅವತ್ತು ಭಾನುವಾರ ಅನ್ನೋದು ಇಬ್ಬರಿಗೂ ನೆನಪಾಗಲಿಲ್ಲ.