ಪಾರಣೆಯ ದಿನದ ಪ್ಲಗ್ಗು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಮೊಳೆ. ಅದನ್ನು ಬಡಿದವನು ಸ್ವತಃ ಕುಂಥುನಾಥನೇ ಆದ್ದರಿಂದ ಬೇರೆಯವರನ್ನು ಬಯ್ಯುವ ಸುಖವೂ ಅವನಿಗೆ ಸಿಗಲಿಲ್ಲ.

ಗೋಕಾಕದ ಬದಿಯ ಒಂದು ಹತ್ತಿ ಗಿರಣಿಯಲ್ಲಿ ಅವನು ಕಾರಕೂನ. ಸುತ್ತಲಿನ ಊರುಗಳಲ್ಲಿ ಕಂದೀಲು ಉರಿಯುತ್ತಿದ್ದ ಆ ಕಾಲದಲ್ಲಿಯೂ ಗಿರಣಿಯ ಚಾಳಿನ ಮನೆಮನೆಗೆ ಕರೆಂಟಿನ ದೀಪವಿತ್ತು. ನೇಯ್ಗೆ ಖಾತೆಯ ಸಾಹೇಬ ವಿಲಾಯತಿಗೆ ಹೊರಟಾಗ ಅವನ ಸಾಮಾನು ಲಿಲಾವಿನಲ್ಲಿ ಹರಾಜಿಗೆ ಬಂತು. ಅದರಲ್ಲಿ ಕುಂಥುನಾಥ ಒಂದು ಕರೆಂಟಿನ ಒಲೆ ಹಿಡಿದ. ಭಾದ್ರಪದದ ಮಳೆಗೆ ಸೌದೆಯೆಲ್ಲ ತೊಯ್ದು, ಒಲೆಯಿಂದ ಹೊಗೆ ಬಿಟ್ಟು ಬೇರೇನೂ ಬರದ ದಿನಗಳಲ್ಲಿ ಅವನ ಹೆಂಡತಿ ಜಿನ್ನವ್ವನಿಗೆ ಅದು ದೇವರು ಕೊಟ್ಟ ವರವೇ ಆಯಿತು.

ಜಿನ್ನವ್ವ ಜೈನರ ಪದ್ಧತಿಯಂತೆ ನೀರನ್ನು ಬಟ್ಟೆಯಲ್ಲಿ ಸೋಸದೆ ಕೊಡಕ್ಕೆ ತುಂಬುವವಳಲ್ಲ. ಮಳೆಯಲ್ಲಿ ಆ ಬಟ್ಟೆ ಹೊರಗೆ ಒಣಗುವುದಿಲ್ಲ, ಒಳಗೊಂದು ಮೊಳೆ ಬಡಿದುಕೊಡಿ ಎಂದಳು. ಕುಂಥುನಾಥ ಗೋಡೆಯ ಮೆತ್ತನೆಯ ಜಾಗ ಹುಡುಕಿ ಬಡಿದ. ಆ ಜಾಗ ಒಲೆಯ ಪ್ಲಗ್ಗಿಗೆ ನೇರ ಮೇಲೆ ಇತ್ತು.

ಮರುದಿನವೇ ಅವನ ಪಾರಣೆ. ಹಿಂದಿನ ದಿನ ಅನಂತ ಚತುರ್ದಶಿ, ಜನ್ಮದಲ್ಲಿ ಮೊದಲ ಸಲ ಅವನು ಪೂರ್ತಿ ಉಪವಾಸ ಮಾಡಿದ್ದ. ಮುಂಜಾನೆ ಬಸದಿಗೆ ಹೋಗಿ ಬಂದು, ಉಪವಾಸ ಬಿಡುವ ಊಟಕ್ಕೆ ಅಡುಗೆಮನೆಯ ಬಾಗಿಲಲ್ಲಿ ಕಾದು ಕುಳಿತ. ಒಳಗೆ ಗೋಧಿ ಹುಗ್ಗಿ ಬೆಂದು, ಬೆಲ್ಲ ಏಲಕ್ಕಿಯ ಘಮ ಹೊಸ್ತಿಲು ದಾಟಿ ಬರುತ್ತಿತ್ತು. ಇನ್ನೇನು ಜಿನ್ನವ್ವ ಪಾತ್ರೆ ಇಳಿಸಬೇಕು, ಅಷ್ಟರಲ್ಲಿ ಮೊಳೆಯ ಮೇಲಿನ ಬಟ್ಟೆಯ ನೀರು ತೊಟ್ಟಿಕ್ಕಿ ಪ್ಲಗ್ಗಿನೊಳಗೆ ಇಳಿಯಿತು. ಚಟ್ ಎಂದು ನೀಲಿ ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಜಿನ್ನವ್ವ ಬೆದರಿ ಹೊರಗೆ ಜಿಗಿದಳು. ಜಿಗಿಯುವಾಗ ಕಾಲು ತಾಗಿ ಕೊಡ ಉರುಳಿ ನೆಲವೆಲ್ಲ ನೀರಾಯಿತು. ಒಲೆ ತಣ್ಣಗಾಯಿತು, ತಲೆಯ ಮೇಲಿನ ದೀಪ ಮಾತ್ರ ಉರಿಯುತ್ತಲೇ ಇತ್ತು. ಎಂದರೆ ಕರೆಂಟು ಇನ್ನೂ ಮನೆಯಲ್ಲೇ ಇತ್ತು.

ಕುಂಥುನಾಥ ಪ್ಲಗ್ಗು ಕೀಳಲು ಒಳಗೆ ಕಾಲಿಡುವುದರಲ್ಲಿದ್ದ. ಬಾಜೂ ಮನೆಯ ಮುದಕವ್ವ ಹಿಂದಿನಿಂದ ಅವನ ಧೋತರ ಹಿಡಿದು ಎಳೆದಳು. ಎಂಬತ್ತು ದಾಟಿದ ಮುದುಕಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ.

"ಹಸಿ ನೆಲದಾಗ ನಿಂತು ಅದನ್ನ ಮುಟ್ಟಬ್ಯಾಡೋ ತಮ್ಮಾ. ಕುಲಗೋಡದಾಗ ಸಿಡ್ಲು ಹೊಡದು ಎತ್ತು ನಿಂತಲ್ಲೇ ಸತ್ತಿತ್ತು. ಇದೂ ಅದರ ತಮ್ಮನ."

ಮುದುಕಿ ಕಟ್ಟಿದ ನೆಂಟಸ್ತನ ಏನೇ ಇರಲಿ, ಮಾತು ಖರೆಯಿತ್ತು. ನೂಲಿನ ಖಾತೆಯ ಮುಕಾದಮ ಉದ್ದಪ್ಪನೂ ಬಂದು ಅದಕ್ಕೇ ಒತ್ತು ಕೊಟ್ಟ. ಮೊದಲು ಮೇನ್ ಸ್ವಿಚ್ಚು ಬಂದ್ ಆಗಬೇಕು, ಅಲ್ಲಿಯವರೆಗೆ ಯಾರೂ ಒಳಗೆ ಕಾಲಿಡಕೂಡದು ಎಂದ.

ಇಡೀ ಚಾಳಿಗೆ ಒಂದೇ ಮೇನ್ ಸ್ವಿಚ್ಚು. ಅದು ಕಂಬದ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಗೆ ಕೀಲಿ ಹಾಕಿತ್ತು. ಕಂಡಕಂಡವರು ಸ್ವಿಚ್ಚು ಮುಟ್ಟುತ್ತಾರೆ, ಕೀಲಿಕೈ ವಾಯರಮನ್ ರಾಯಪ್ಪನ ಹತ್ತಿರ ಮಾತ್ರ ಇರತಕ್ಕದ್ದು ಎಂದು ಹೋದ ವರ್ಷ ಅರ್ಜಿ ಬರೆದವನು ಬೇರೆ ಯಾರೂ ಅಲ್ಲ, ಕುಂಥುನಾಥನೇ. ಆ ಅರ್ಜಿಯ ಅಕ್ಷರ ಬಹಳ ಚೆಂದ ಇದ್ದವೆಂದು ಸಾಹೇಬ ಹೊಗಳಿದ್ದ. ಆ ದಿನ ರಾಯಪ್ಪನಿಗೆ ಸೂಟಿ. ಮೂಡಲಗಿ ಸಂತೆಯಲ್ಲಿ ಕೊಂಡ ಎಮ್ಮೆಯನ್ನು ಅವನ ಭಾವ ಕೊಣ್ಣೂರಿನ ತನಕ ಹೊಡೆದುಕೊಂಡು ಬಂದಿದ್ದ. ಅದನ್ನು ತರಲು ರಾಯಪ್ಪ ಹೋಗಿದ್ದ, ಕೀಲಿಕೈ ಅವನ ಉಡದಾರದಲ್ಲಿತ್ತು.

"ಸಂಜೀಕ ಬಂದಾ ಬರ್ತಾನ" ಎಂದ ಉದ್ದಪ್ಪ. "ಕಂಬದ ದೀಪ ಹಚ್ಚವ ಅವನ ಅಲ್ಲೇನ್ರಿ."

ಈ ಮಾತಿಗೆ ಕುಂಥುನಾಥನ ಹೊಟ್ಟೆ ಇನ್ನೂ ಒಂದು ಗೇಣು ಒಳಗೆ ಹೋಯಿತು. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ತುತ್ತು ಎತ್ತುವುದಿಲ್ಲ. ಹೊತ್ತು ಮುಳುಗುವುದಕ್ಕೂ ರಾಯಪ್ಪ ಕಂಬದ ದೀಪ ಹಚ್ಚುವುದಕ್ಕೂ ಒಂದು ದಿನವೂ ಅಂತರ ಬಿದ್ದದ್ದಿಲ್ಲ. ಜಿನ್ನವ್ವ ಗಡಿಯಾರ ನೋಡುತ್ತಿರಲಿಲ್ಲ. ಕಂಬದ ದೀಪ ಹತ್ತಿತೆಂದರೆ ತಾಟು ಎತ್ತಿಬಿಡುತ್ತಿದ್ದಳು.

ಅಲ್ಲಿಂದ ಮುಂದೆ ಉಪಕಾರ ಶುರುವಾಯಿತು. ಉದ್ದಪ್ಪ ಬಾಗಿಲಲ್ಲೇ ಒಣ ಮಣೆಯ ಮೇಲೆ ನಿಂತು, ಒನಕೆ ಚಾಚಿ ಹುಗ್ಗಿಯ ಪಾತ್ರೆಯನ್ನು ಎಳೆದುಕೊಳ್ಳಲು ನೋಡಿದ. ಪಾತ್ರೆ ಅಲುಗಲಿಲ್ಲ, ಮೂಲೆಯಲ್ಲಿದ್ದ ಎರಡನೆಯ ಕೊಡವೂ ಉರುಳಿತು. ನೆಲ ಒಣಗಲಿ ಎಂದು ಮುದಕವ್ವ ಒಂದು ಬುಟ್ಟಿ ಬೂದಿ ತಂದು ಹೊಸ್ತಿಲಿನಿಂದ ಎರಚಿದಳು. ಹುಗ್ಗಿಗೆ ಮುಚ್ಚಳವಿದ್ದದ್ದು ಪುಣ್ಯ. ಗಿರಣಿಯ ಇನ್ನೊಬ್ಬ ವಾಯರಮನ್ ಬಂದು, ಪೆಟ್ಟಿಗೆಯ ಕೀಲಿ ಒಡೆಯಲು ಬರವಣಿಗೆಯ ಹುಕುಂ ಬೇಕು, ಹಾಗೆಂದು ಅರ್ಜಿಯಲ್ಲೇ ಬರೆದಿದೆ ಎಂದು ತಿಳಿಸಿ ಹೋದ.

ಮುದಕವ್ವನಿಗೆ ಕರುಳು ಚುರ್ ಎಂದಿತು. ಬಿಸಿ ರೊಟ್ಟಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕಿದ ಝುಣಕ ತಂದು ಮುಂದಿಟ್ಟಳು. ಪಾರಣೆಗೆ ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಸಲ್ಲ, ಸೋಸದ ನೀರಿನ ರೊಟ್ಟಿಯೂ ಸಲ್ಲದು. ಕುಂಥುನಾಥ ಮುಖ ತಿರುವಿ ಕುಳಿತ, ಆದರೆ ಮೂಗು ತಿರುಗಲಿಲ್ಲ.

ಮಧ್ಯಾಹ್ನ ತಿರುಗಿದ ಮೇಲೆ ಅವನಿಂದ ತಡೆಯಲಾಗಲಿಲ್ಲ. ಕೊಡೆ ಹಿಡಿದು ಕೊಣ್ಣೂರಿಗೆ ನಡೆದ. ಅಲ್ಲಿ ರಾಯಪ್ಪನ ಭಾವ, ರಾಯಪ್ಪ ಮುಂಜಾನೆಯೇ ಹೊರಟನೆಂದೂ, ಎಮ್ಮೆ ಗೋಕಾಕದ ಕಡೆ ಮೋರೆ ಮಾಡಲು ಒಪ್ಪದೆ ಮೂಡಲಗಿಯ ದಾರಿ ಹಿಡಿದು ಓಡಿತೆಂದೂ, ರಾಯಪ್ಪ ಅದರ ಬೆನ್ನು ಹತ್ತಿದನೆಂದೂ ಹೇಳಿದ. ಕುಂಥುನಾಥ ಬಂದ ದಾರಿಯಲ್ಲೇ ಮರಳಿದ. ಕೊಡೆಯನ್ನೇ ಊರುಗೋಲು ಮಾಡಿಕೊಂಡು ನಡೆದ.

ಅವನು ಚಾಳು ಮುಟ್ಟಿದ ಸ್ವಲ್ಪ ಹೊತ್ತಿಗೆ ರಾಯಪ್ಪನೂ ಎಮ್ಮೆಯೊಂದಿಗೆ ಬಂದ. ಪಡುವಣಕ್ಕೆ ಮೋಡ ಕಟ್ಟಿ ಗುಡ್ಡವೇ ಕಾಣದಂತಾಗಿತ್ತು. ಕೋಳಿಗಳು ಗೂಡು ಹುಡುಕುತ್ತಿದ್ದವು. ರಾಯಪ್ಪ ಎಮ್ಮೆಯನ್ನು ಕಂಬಕ್ಕೆ ಕಟ್ಟಿ, ಪೆಟ್ಟಿಗೆ ತೆರೆದು ಮೇನ್ ಸ್ವಿಚ್ಚು ಬಂದ್ ಮಾಡಿದ. ಮನೆಯ ದೀಪ ಆರಿತು. ಆರಿದ್ದನ್ನು ನೋಡಿಯೂ ಅವನು ನಂಬದೆ, ತನ್ನ ಚೀಲದ ಪರೀಕ್ಷೆಯ ದೀಪವನ್ನು ವಾಯರಿಗೆ ಹಚ್ಚಿ ನೋಡಿದ. ಆಮೇಲೆ ಕೈ ಒರೆಸಿಕೊಂಡು ಒಳಗೆ ಹೋಗಿ ಪ್ಲಗ್ಗು ಕಿತ್ತ. ಬಿಚ್ಚಿ ಕಂದೀಲಿನ ಬೆಳಕಿಗೆ ಹಿಡಿದ. ಒಳಗೆಲ್ಲ ಕರಿ ಹಿಡಿದಿತ್ತು, ಹಿತ್ತಾಳೆಯ ಕಡ್ಡಿ ಸುಟ್ಟು ಕಂದಿದ್ದವು.

ಬಿಸಿಲಿಗಿಟ್ಟು ಒಣಗಿಸಿದರೆ ನಡೆದೀತೇ ಎಂದು ಕುಂಥುನಾಥ ಕೇಳಿದ.

"ಒಣಗಿದ್ರೂ ಇದನ್ನ ನಂಬಬ್ಯಾಡ್ರಿ ಕಾರಕೂನರ. ಮ್ಯಾಲೆ ಒಣಗಿದಂಗ ಕಾಣ್ತೈತಿ, ಒಳಗ ಸುಟ್ಟೈತಿ. ಹೊಸಾದು ಬೆಳಗಾವಿಯಿಂದ ತರಸ್ಬೇಕು, ಎಂಟು ದಿನಾ ಆದೀತು" ಎಂದು ರಾಯಪ್ಪ ಪ್ಲಗ್ಗನ್ನು ವಾಯರಿನಿಂದ ಕತ್ತರಿಸಿ ಒಗೆದ. ಗೋಡೆಯ ಪಾಯಿಂಟನ್ನೂ ಬಿಚ್ಚಿ, ವಾಯರಿನ ತುದಿಗೆ ಪಟ್ಟಿ ಸುತ್ತಿ ಮುಚ್ಚಿದ. ಆಮೇಲೆ ಮೇಲೆ ತೂಗುತ್ತಿದ್ದ ಬಟ್ಟೆಯನ್ನು ನೋಡಿ, ಈ ಜಾಗದಲ್ಲಿ ಮೊಳೆ ಬಡಿದ ಶಾಣ್ಯಾ ಯಾರು ಎಂದು ಕೇಳಿದ. ಶಾಣ್ಯಾ ಕೆಮ್ಮಿದ.

ರಾಯಪ್ಪ ಸ್ವಿಚ್ಚು ಹಾಕಲು ಹೊರಗೆ ಹೋದ. ಜಿನ್ನವ್ವ ಗಡಬಡಿಸಿ ನೆಲ ಒರೆಸಿ, ತಾಟಿಗೆ ಹುಗ್ಗಿ ಬಡಿಸಿ, ಮೇಲೆ ತುಪ್ಪ ಸುರಿದಳು. ಕುಂಥುನಾಥ ಕೈಕಾಲು ತೊಳೆದು ಕುಳಿತ. ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡ. ಕಣ್ಣು ತೆರೆದಾಗ ಮನೆಯ ದೀಪ ಹತ್ತಿತ್ತು. ಕಿಟಕಿಯ ಹೊರಗೆ ಕಂಬದ ದೀಪವೂ ಹತ್ತಿತ್ತು.

ತುತ್ತಿಗೆ ಚಾಚಿದ ಕೈ ಹಾಗೆಯೇ ಹಿಂದೆ ಬಂತು. ಜಿನ್ನವ್ವ ತಾಟು ಎತ್ತಿದಳು. ಕಣ್ಣಲ್ಲಿ ನೀರು ತಂದುಕೊಂಡದ್ದು ಯಾರೆಂದು ಹೇಳುವುದಿಲ್ಲ, ಮನೆಯಲ್ಲಿ ಇದ್ದವರು ಇಬ್ಬರೇ.

ತಂಗಳು ಅವರಿಗೆ ನಡೆಯುವುದಿಲ್ಲ, ಹುಗ್ಗಿಯನ್ನು ನಾಳೆಗೆ ಇಡುವಂತಿಲ್ಲ. ದಿನವೆಲ್ಲ ದುಡಿದ ನೆರೆಯವರಾದರೂ ಉಣ್ಣಲಿ ಎಂದು ಕುಂಥುನಾಥನೇ ಮೂವರನ್ನೂ ಕರೆದು ಕೂರಿಸಿದ. ರಾಯಪ್ಪ ಎಮ್ಮೆಯ ಹಿಂದೆ ಓಡಿದ ಹಸಿವನ್ನೆಲ್ಲ ತೀರಿಸಿಕೊಂಡ. ಉದ್ದಪ್ಪ ಬೇಡ ಬೇಡ ಎನ್ನುತ್ತ ಮೂರು ಸಲ ಹಾಕಿಸಿಕೊಂಡ. ಹಲ್ಲಿಲ್ಲದ ಮುದಕವ್ವ ಪಾತ್ರೆಯ ತಳಕ್ಕಂಟಿದ್ದನ್ನೂ ಬಿಡಲಿಲ್ಲ. ಏಲಕ್ಕಿ ಒಂದಿಷ್ಟು ಹೆಚ್ಚಾಯಿತೆಂದೂ ಹೇಳಿದಳು.

ಕೈ ತೊಳೆಯಲು ರಾಯಪ್ಪ ಬಾಗಿಲು ತೆರೆದ. ಪಡುವಣದ ಮೋಡ ಗುಡ್ಡದ ಮೇಲೆ ಒಂದು ಮೊಳ ಹರಿದಿತ್ತು. ಅಲ್ಲಿಂದ ಹೊತ್ತು ದುಂಡಗೆ ಇಣುಕುತ್ತಿತ್ತು. ಹಳದಿ ಬಿಸಿಲು ಹೊಸ್ತಿಲು ದಾಟಿ ಬರಿದಾದ ಪಾತ್ರೆಯ ಮೇಲೆ ಬಿತ್ತು.

ಕುಂಥುನಾಥ ಎದ್ದು ಬಾಗಿಲಿಗೆ ಬಂದ. "ರಾಯಪ್ಪಾ, ಹೊತ್ತ ಇನ್ನೂ ಐತಲ್ಲೋ. ಕಂಬದ ದೀಪ ಯಾಕ ಹಚ್ಚಿದಿ?"

"ಎಮ್ಮಿ ಹೊಸಾದ್ರಿ. ಮಾಡ ಕವದು ಕತ್ತಲಾಗಿತ್ತು, ಬೆದರೀತು ಅಂತ ಹಚ್ಚೇನಿ."

ಎಮ್ಮೆ ಕಂಬದ ಬುಡದಲ್ಲಿ ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿತ್ತು.

ಹೊತ್ತು ಮುಳುಗಲು ಇನ್ನೂ ಅರ್ಧ ತಾಸು ಇದೆ, ಏನಾದರೂ ಬೇಗ ಬೇಯಿಸು ಎಂದು ಕುಂಥುನಾಥ ಒಳಗೆ ಓಡಿದ. ಜಿನ್ನವ್ವ ಮೊದಲು ತೊಯ್ದ ಸೌದೆಯನ್ನು ತೋರಿಸಿದಳು. ಆಮೇಲೆ ಪ್ಲಗ್ಗು ಕತ್ತರಿಸಿದ ಒಲೆಯನ್ನು ತೋರಿಸಿದಳು. ಕರೆಂಟಿತ್ತು, ಒಲೆಯಿತ್ತು, ಹೊತ್ತೂ ಇತ್ತು.

"ನೀರರೆ ಕುಡೀರಿ, ಸೋಸಿ ಕೊಡ್ತೇನಿ" ಎಂದಳು.

ಕೊಡವೆರಡೂ ಉರುಳಿದ್ದರಿಂದ ಹೊಸ ನೀರು ತಂದು ಸೋಸಿ ತಂಬಿಗೆ ತುಂಬಿಕೊಟ್ಟಳು. ಕುಂಥುನಾಥ ಕಣ್ಣು ಮುಚ್ಚಿ ಗಟಗಟನೆ ಪಾರಣೆ ಮಾಡಿದ. ಅರ್ಧ ತಂಬಿಗೆ ಇಳಿದಾಗ ಕಣ್ಣು ತೆರೆದು ನೋಡುತ್ತಾನೆ, ಜಿನ್ನವ್ವ ಹಸಿ ಬಟ್ಟೆಯನ್ನು ಹಿಂಡಿ ಅದೇ ಮೊಳೆಗೆ ಹಾಕುತ್ತಿದ್ದಳು. ಬಾಯಿ ತುಂಬ ನೀರಿದ್ದರಿಂದ ಅವನು ಬರೀ ಕೈ ಬೀಸಿದ. ಇನ್ನಷ್ಟು ನೀರು ಬೇಕೇನೋ ಎಂದುಕೊಂಡು ಅವಳು ತಂಬಿಗೆಯನ್ನು ಮತ್ತೆ ತುಂಬಿದಳು.