ಕುರಿಯಾತಿನಲ್ಲಿ ಹತ್ತು ನಿಮಿಷ

ನಾನು ಹುಟ್ಟಾ ಅಂಜುಬುರುಕ. ಲಿಫ್ಟ್ ಅರೆಕ್ಷಣ ನಿಂತರೂ ಸಾಕು, ಹೆಂಡತಿ ಮಕ್ಕಳೆಲ್ಲ ಕಣ್ಣ ಮುಂದೆ ಬಂದುಬಿಡುತ್ತಾರೆ. ಆದರೆ ಪೆನ್ನು ಹಿಡಿದರೆ ಮಾತ್ರ ಎಲ್ಲಿಲ್ಲದ ಧೈರ್ಯ. ಆ ಧೈರ್ಯದಲ್ಲೇ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಗೆ ಕುರಿಯಾತಿನ ನಡಿಗೆಯ ಬಗ್ಗೆ ಲೇಖನ ಬರೆದೆ. ಮಸ್ಕತ್ತಿನಾಚೆಯ ಸಣ್ಣ ಊರು ಅದು. ಒಂದು ಕೋಟೆ, ಖರ್ಜೂರದ ತೋಟಗಳು, ವಾದಿಯ ದಂಡೆ, ಕೊನೆಗೆ ಸಮುದ್ರ, ಅಲ್ಲಿ ಬಂಡೆಯ ಮೇಲೊಂದು ಹಳೆಯ ಬುರುಜು. ವಾದಿ ಎಂದರೆ ಮಳೆ ಬಂದ ದಿನ ಹೊಳೆ, ಉಳಿದ ದಿನ ಕಲ್ಲಿನ ರಾಶಿ. ಕೋಟೆಯಿಂದ ಆ ದಂಡೆ ಹಿಡಿದು ಹೊರಟರೆ ಹತ್ತು ನಿಮಿಷದಲ್ಲಿ ಸಮುದ್ರ ಎಂದು ಬರೆದಿದ್ದೆ. ಸುಳ್ಳೇನಲ್ಲ, ಕಾರಿನಲ್ಲಿ ಹತ್ತೇ ನಿಮಿಷ. ಇಪ್ಪತ್ತು ವರ್ಷ ಇಲ್ಲಿದ್ದವನಿಗೆ ನಿಮಿಷವೆಂದರೆ ಕಾರಿನ ನಿಮಿಷವೇ. ಅಲ್ ಹೈಲ್‌ನ ನಮ್ಮ ಮನೆಯಿಂದ ಮವಾಲೇಹ್ ತರಕಾರಿ ಮಾರುಕಟ್ಟೆ ಎಷ್ಟು ದೂರ ಎಂದು ಕೇಳಿದರೂ ನಾವು ನಿಮಿಷದಲ್ಲೇ ಹೇಳುವುದು. ಆ ಸುಪ್ರಸಿದ್ಧ ನಡಿಗೆಯನ್ನು ನಾನು ಮಾಡಿದ್ದು ಎ.ಸಿ. ಹಾಕಿ, ಗಾಜು ಏರಿಸಿಕೊಂಡು.

ಸ್ಮರಣ ಸಂಚಿಕೆಯನ್ನು ಯಾರೂ ಓದುವುದಿಲ್ಲ ಎಂಬ ಭರವಸೆ ನನಗಿತ್ತು. ತಮ್ಮ ಫೋಟೋ ಇರುವ ಪುಟ ನೋಡಿ ಮಡಚಿಡುವುದು ಲೋಕರೂಢಿ. ಆದರೆ ಉಡುಪಿ ಕಡೆಯಿಂದ ಮಗನ ಮನೆಗೆ ಬಂದಿದ್ದ ಸಾವಿತ್ರಕ್ಕನಿಗೆ ಹಗಲು ಹೊತ್ತು ಹೋಗಬೇಕಿತ್ತು, ಓದಿಬಿಟ್ಟರು. ಓದಿ ಮಗ ದಿನೇಶನಿಗೆ, "ಹತ್ತು ನಿಮಿಷ ಆದ್ರೆ ನಾನೂ ನಡೀಬಹುದು" ಅಂದರಂತೆ. ಅವರ ಬಲ ಮಂಡಿಯ ಆಪರೇಷನ್ ಆಗಿ ವರ್ಷವೂ ಆಗಿರಲಿಲ್ಲ. ದಿನೇಶ ನನ್ನ ಆಫೀಸಿನವನೇ. ಅವನು ಬಳಗದಲ್ಲಿ ಹೇಳಿ, ಬಳಗ ಶುಕ್ರವಾರ ಗೊತ್ತು ಮಾಡಿ, ನಾಲ್ಕು ಕಾರಿನ ತುಂಬ ಜನರಿಗೆ ನಾನು ಮಾರ್ಗದರ್ಶಕನಾದೆ. ದಿನೇಶನಿಗೆ ಅಂದು ಡ್ಯೂಟಿ. "ಅಮ್ಮನ ಜವಾಬ್ದಾರಿ ನಿಮ್ದು ಮಾರಾಯ್ರೆ" ಎಂದು ಅವರನ್ನು ನನ್ನ ಕಾರಿನಲ್ಲಿ ಕೂರಿಸಿದ. ನಿಜ ಹೇಳಿಬಿಡಲು ಅದೊಳ್ಳೆಯ ಹೊತ್ತಾಗಿತ್ತು. ನಾನು ಸೀಟ್ ಬೆಲ್ಟ್ ಹಾಕಿಕೊಂಡೆ.

ಕೋಟೆಯ ಬಳಿ ಕಾರು ನಿಲ್ಲಿಸಿ ಹೊರಟೆವು. ಜನವರಿಯ ಬಿಸಿಲು ಹಿತವಾಗಿಯೇ ಇತ್ತು, ಬೆವರಿದವನು ನಾನೊಬ್ಬನೇ. ಪೋರ್ಚುಗೀಸರು ಬಂದದ್ದು, ಊರು ಸುಟ್ಟದ್ದು ಎಲ್ಲ ಹೇಳುತ್ತಿದ್ದರೂ ನನ್ನ ಕಣ್ಣು ಮಾತ್ರ ಸಾವಿತ್ರಕ್ಕನ ಮಂಡಿಯ ಮೇಲೆಯೇ. ಹತ್ತು ನಿಮಿಷವಾಯಿತು, ಸಮುದ್ರದ ಸುಳಿವಿಲ್ಲ. ಇಪ್ಪತ್ತಾಯಿತು, ಗೋಡೆ ದಾಟಿದರೆ ಇನ್ನೊಂದು ತೋಟದ ಗೋಡೆ. "ಇನ್ನೇನು, ಆ ತಿರುವು ಅಷ್ಟೆ" ಎಂದು ನಾಲ್ಕು ತಿರುವುಗಳಿಗೆ ಹೇಳಿದೆ. ಸಾವಿತ್ರಕ್ಕ ಸ್ವಲ್ಪ ಕುಂಟತೊಡಗಿದರು. ಆ ಕಾಲಿಗೆ ಏನಾದರೂ ಆದರೆ ದಿನೇಶನಿಗೆ ಯಾವ ಮುಖ ತೋರಿಸಲಿ? ನನ್ನ ಹೆಂಡತಿ ವನಿತಾ ಪಕ್ಕಕ್ಕೆ ಬಂದು, "ನಿಜ ಹೇಳಿ, ನೀವು ಇಲ್ಲಿ ಒಮ್ಮೆಯಾದ್ರೂ ಕಾರಿನಿಂದ ಇಳಿದದ್ದುಂಟಾ?" ಎಂದು ಪಿಸುಗುಟ್ಟಿದಳು. "ಇಳಿದಿದ್ದೆ, ಫೋಟೋ ತೆಗೆಯಲಿಕ್ಕೆ" ಎಂದೆ.

ಒಂದು ತೋಟದ ಬಾಗಿಲಲ್ಲಿ ಕೂತಿದ್ದ ಒಮಾನಿ ಮುದುಕರೊಬ್ಬರು ನಮ್ಮನ್ನು ನೋಡಿ ಎದ್ದು, ಸಾವಿತ್ರಕ್ಕನಿಗೆ ತಮ್ಮ ಪ್ಲಾಸ್ಟಿಕ್ ಕುರ್ಚಿ ಬಿಟ್ಟುಕೊಟ್ಟರು. ಒಳಗಿನಿಂದ ಖರ್ಜೂರ, ಕಾವಾ ಎಂಬ ಅರಬ್ಬಿ ಕಾಫಿ ಬಂತು. "ಕಿದರ್ ಜಾತಾ?" ಎಂದರು. ಸಮುದ್ರಕ್ಕೆ ಎಂದೆ. "ಬಹರ್? ಪೈದಲ್?" ಸಮುದ್ರಕ್ಕಾ, ನಡೆದುಕೊಂಡಾ ಎಂದು ಅವರು ಎಲ್ಲರ ಕಾಲುಗಳನ್ನೂ ಒಂದು ಸುತ್ತು ನೋಡಿದರು. "ಅಭೀ ಆಧಾ ಘಂಟಾ ಔರ್!"

ಇನ್ನೂ ಅರ್ಧ ಗಂಟೆ! ಮಾರ್ಗದರ್ಶಕನ ಮಾನ ಹರಾಜಾಯಿತು. ನಾನು ಸಾವಿತ್ರಕ್ಕನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಪ್ಪಿಕೊಂಡುಬಿಟ್ಟೆ: "ತಪ್ಪಾಯ್ತು ಸಾವಿತ್ರಕ್ಕ. ಅದು ಕಾರಿನ ಹತ್ತು ನಿಮಿಷ. ನಾನು ನಡೆದೇ ಇಲ್ಲ."

"ಅದು ನನಗೆ ಓದುವಾಗಲೇ ಗೊತ್ತಿತ್ತು" ಎಂದರು ಅವರು, ಖರ್ಜೂರದ ಬೀಜ ತೆಗೆಯುತ್ತಾ. "ನಡೆದವರು ಕೂತ್ಕೊಳ್ಳುವ ಜಾಗ ಎಲ್ಲಿ ಉಂಟು ಅಂತ ಬರೀತಾರೆ. ನಿಮ್ಮದ್ರಲ್ಲಿ ಅದೊಂದೇ ಇರಲಿಲ್ಲ."

"ಮತ್ತೆ ಯಾಕೆ ಬಂದ್ರಿ?"

"ದಾರಿ ಗೊತ್ತಿದ್ದವರ ಒಟ್ಟಿಗೆ ಹೋದ್ರೆ ಓಡ್ಸಿಕೊಂಡು ಹೋಗ್ತಾರೆ ಮಾರಾಯ್ರೆ. ನಿಮ್ಮ ಹಾಗೆ ಹೆದರಿ ಹೆದರಿ ನಡೆಯುವವರು ಸಿಕ್ಕಿದ್ರೆ ನನ್ನ ಕಾಲಿಗೆ ಒಳ್ಳೇದು."

ಕಾರು ತರುತ್ತೇನೆ ಎಂದರೆ ಒಪ್ಪಲಿಲ್ಲ. ಮುದುಕರು ಕುರ್ಚಿಯನ್ನೇ ಕೊಟ್ಟು, "ಯಲ್ಲಾ, ಲೇ ಜಾವ್" ಎಂದರು. ಅಂತೂ ಕುರ್ಚಿ ಹೊತ್ತ ನಾನು ಮುಂದೆ, ಅದರ ಮೇಲೆ ಆಗಾಗ ಕೂರುವ ಸಾವಿತ್ರಕ್ಕ ಹಿಂದೆ. ಇತಿಹಾಸ ನನ್ನ ಬಾಯಿಂದ ಮತ್ತೆ ಹೊರಡಲಿಲ್ಲ. ಕೊನೆಗೆ ವಾದಿ ಅಗಲವಾಗಿ, ನಿಂತ ನೀರಿನಲ್ಲಿ ಕೊಕ್ಕರೆಗಳು ಕಂಡು, ಸಮುದ್ರ ಬಂದೇ ಬಂತು. ಮರಳಿನಲ್ಲಿ ಕುರ್ಚಿ ಇಟ್ಟೆ. ಸಾವಿತ್ರಕ್ಕ ಕೂತು, ಕಾಲು ಚಾಚಿ, "ಆ ಬುರುಜು ಯಾರು ಕಟ್ಟಿದ್ದು?" ಎಂದರು. "ಗೊತ್ತಿಲ್ಲ" ಎಂದೆ. "ಹಾಂ, ಈಗ ನಡೆದವರ ಹಾಗೆ ಮಾತಾಡಿದ್ರಿ" ಎಂದು ನಕ್ಕರು.

ಬೆಳಗಿನಿಂದ ಮೊದಲ ಬಾರಿಗೆ ನನಗೆ ಉಸಿರು ಹಗುರಾಯಿತು. ಅಷ್ಟರಲ್ಲಿ ವನಿತಾ, ಕಾರುಗಳು ಕೋಟೆಯ ಹತ್ತಿರವೇ ಇವೆಯಲ್ಲ ಎಂದು ನೆನಪಿಸಿದಳು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಲೇಖನ ಸಮುದ್ರ ತೀರಕ್ಕೇ ಮುಗಿದಿತ್ತು. ವಾಪಸು ಬರುವುದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.